ಒಂದು ಸಲಕ್ಕೆ ಒಂದೇ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕಣ್ಣಕ್ಕ ಎಂದೇ. ಅದು ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ಗಿರಾಕಿ ಒಂದು ಬಟ್ಟೆಯ ಚೂರು ತಂದು "ಇದೇ ಬಣ್ಣ ಬೇಕು" ಎಂದರೆ, ಯಾವ ಪುಡಿಗೆ ಯಾವ ಪುಡಿ ಎಷ್ಟು ಬೆರೆಸಿದರೆ ಅದು ಬರುತ್ತದೆ ಎಂದು ಹೇಳುವವಳು ಅವಳು. ಚಿಕ್ಕ ಡಬ್ಬಿಯಲ್ಲಿ ಬಣ್ಣ ಕದಡಬೇಕು, ಒಂದು ಲಡಿ ನೂಲು ಅದ್ದಿ ಒಣಗಿಸಬೇಕು, ದೀಪದ ಕೆಳಗೆ ಗಿರಾಕಿಯ ಚೂರಿನ ಪಕ್ಕದಲ್ಲಿಟ್ಟು ನೋಡಬೇಕು. ಕೆಂಪು ಹೆಚ್ಚಾಯಿತೆ, ಕೆಂಪನ್ನು ಮಾತ್ರ ಇಳಿಸಬೇಕು. ಅದೇ ಸಲ ಹಳದಿಗೂ ಕೈ ಹಾಕಿದಿರೋ, ಯಾವುದರಿಂದ ಏನಾಯಿತು ಎಂದು ಯಾರಪ್ಪನಿಗೂ ತಿಳಿಯುವುದಿಲ್ಲ. "ಒಂದು ಸಲಕ್ಕೆ ಒಂದೇ" ಎಂದು ಹದಿನೇಳು ವರ್ಷದಿಂದ ಹೇಳಿ ಹೇಳಿ ಅವಳು ಕೈಕೆಳಗಿನವರ ಕಿವಿ ತೂತು ಮಾಡಿದ್ದಳು.

ಇಂಥ ಕಣ್ಣಿನ ಹಿಂದೆಯೇ ಅರೆತಲೆನೋವು ಬಂದು ಬಿಡಾರ ಹೂಡಿತ್ತು. ಮೊದಲು ಎಡಗಣ್ಣಿನ ಅಂಚಿನಲ್ಲಿ ಅಂಕುಡೊಂಕಾದ ಬೆಳಕಿನ ಗೆರೆ. ಅರ್ಧ ಗಂಟೆಯೊಳಗೆ ಆ ಕಡೆಯ ತಲೆಯನ್ನು ಯಾರೋ ಒಳಗಿನಿಂದ ಗುದ್ದತೊಡಗುವರು. ಆಮೇಲೆ ವಾಂತಿ, ಮುಚ್ಚಿದ ಕಿಟಕಿ, ಮುಖದ ಮೇಲೆ ಒದ್ದೆ ಬಟ್ಟೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಚಮಚ ಕೆಳಗಿಟ್ಟರೂ ಜೀವ ಬಾಯಿಗೆ ಬರುವುದು. ತಿಂಗಳಿಗೆ ಹತ್ತು ದಿನ ಹೀಗೆ. ಉಳಿದ ದಿನ ತಲೆ ಸ್ವಲ್ಪ ಭಾರವೆನಿಸಿದರೂ ಡಬ್ಬಿಯಲ್ಲಿಟ್ಟ ನೋವಿನ ಮಾತ್ರೆ ನುಂಗುವಳು. ಅಷ್ಟು ರಜೆ ಕೊಡಲು ಕಾರ್ಖಾನೆಯೇನು ಮಾವನ ಮನೆಯೆ? ಅರ್ಧ ನೋವಿನಲ್ಲೇ ಹೋಗಿ ಕೂತ ಒಂದು ದಿನ ಅವಳು "ಸರಿಯಿದೆ" ಎಂದು ಕಳಿಸಿದ ನೀಲಿ, ಗಿರಾಕಿಯ ನೀಲಿಯ ಪಕ್ಕದಲ್ಲಿ ಹಸಿರಾಗಿ ಕಂಡಿತು. ಇನ್ನೂರು ಕಿಲೋ ನೂಲು ವಾಪಸು ಬಂತು.

ಸೂಪರ್‌ವೈಸರ್ ಕೆಟ್ಟವನಲ್ಲ, ಕಷ್ಟವಿದ್ದದ್ದೇ ಅದರಲ್ಲಿ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

"ಕಣ್ಣಕ್ಕ, ಮೇಲಿನವರು ಕೇಳ್ತಿದಾರೆ," ಎಂದ. "ಯಾವುದರಿಂದ ಬರುತ್ತೆ, ಯಾವುದರಿಂದ ನಿಲ್ಲುತ್ತೆ ಅಂತ ಡಾಕ್ಟರ ಹತ್ರ ಬರೆಸ್ಕೊಂಡು ಬನ್ನಿ. ಎರಡು ತಿಂಗಳು ಟೈಮಿದೆ. ಇಲ್ಲಾಂದ್ರೆ ನಿಮ್ಮನ್ನ ಚೀಟಿ ಕೋಣೆಗೆ ಹಾಕಬೇಕಾಗುತ್ತೆ."

ಚೀಟಿ ಕೋಣೆಯಲ್ಲಿ ನೂಲಿನ ಉಂಡೆಗಳಿಗೆ ಬಿಳಿ ಚೀಟಿ ಅಂಟಿಸುತ್ತಾರೆ. ಕಣ್ಣು ಮುಚ್ಚಿಕೊಂಡೂ ಮಾಡಬಹುದಾದ ಕೆಲಸ. ಸಂಬಳ ಅಷ್ಟೇ, ನಾಚಿಕೆಪಡುವಂಥದ್ದೇನೂ ಇಲ್ಲ. ಆದರೂ ತನ್ನ ಮೇಜು ಹೋದರೆ ತಾನು ಯಾರೂ ಅಲ್ಲ ಎಂದು ಅವಳಿಗೆ ಅನ್ನಿಸಿತು. ಅಷ್ಟು ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಮದ್ದಿಗೇನು ಬರವೆ? ತಲೆನೋವು ಎಂದು ಬಾಯಿ ಬಿಟ್ಟರೆ ಸಾಕು, ದಾರಿಯಲ್ಲಿ ಹೋಗುವವರೂ ವೈದ್ಯರಾಗುತ್ತಾರೆ. ಕಾಲನ್ನು ಬಿಸಿನೀರಿನಲ್ಲಿಡು ಎಂದರು, ತಲೆಯನ್ನು ತಣ್ಣೀರಿನಲ್ಲಿಡು ಎಂದರು. ದಿಂಬು ತೆಗೆದುಬಿಡು ಎಂದ ಅಕ್ಕ, ಒಂದು ವಾರದ ನಂತರ ಎರಡು ದಿಂಬು ಇಟ್ಟುಕೋ ಎಂದಳು. ಚೀಟಿ ಕೋಣೆಯ ಹಿರಿಯಳಂತೂ, ಕೂದಲು ಕತ್ತರಿಸಿದರೆ ಭಾರ ಇಳಿಯುತ್ತದೆ ಎಂದಳು. ಕಣ್ಣಕ್ಕ ಅದನ್ನೂ ಮಾಡಿದಳು. ಕೂದಲು ಹೋಯಿತು, ನೋವು ಹೋಗಲಿಲ್ಲ.

ಕೊನೆಗೆ ಹೊಸ ಡಾಕ್ಟರೊಬ್ಬರು, ದಿನಾ ಊಟದ ನಂತರ ತೆಗೆದುಕೊಳ್ಳುವ ಒಂದು ಮಾತ್ರೆ ಬರೆದುಕೊಟ್ಟು, "ಪ್ರತಿದಿನ ಬರೆದಿಡಿ, ಏನು ತಿಂದಿರಿ, ಎಷ್ಟು ನಿದ್ದೆ, ಏನು ಬದಲಾಯ್ತು ಅಂತ," ಎಂದರು. ಆ ಮಾತು ಅವಳಿಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು. ಇದು ತನ್ನದೇ ಕೆಲಸ! ಬಣ್ಣಕ್ಕೆ ಬರೆಯುವ ಹಾಗೆಯೇ ತಲೆಗೂ ದಿನಕ್ಕೊಂದು ಕಾರ್ಡು ಬರೆದಳು. ಬಿಸಿನೀರು, ದಿಂಬು, ಎಲ್ಲ ಬಿಟ್ಟು, ಮೊದಲಿನ ನೋವಿನ ಮಾತ್ರೆಗೆ ಈ ಹೊಸ ಮಾತ್ರೆಯೊಂದನ್ನೇ ಸೇರಿಸಿದಳು. ಮನೆಯವರನ್ನು ಕೂರಿಸಿಕೊಂಡು, "ಇನ್ನು ಮೇಲೆ ಯಾರೂ ಏನೂ ಮಾಡಬೇಡಿ. ಒಂದು ಸಲಕ್ಕೆ ಒಂದೇ," ಎಂದಳು. ಗಂಡ, ಅತ್ತೆ, ಹದಿನಾರರ ಮಗಳು, ಮೂವರೂ ವಿಧೇಯರಾಗಿ ತಲೆಯಾಡಿಸಿದರು.

ಎರಡನೆಯ ವಾರದಿಂದ ನೋವು ಬರಲಿಲ್ಲ. ಹತ್ತು ದಿನ ಬರಲಿಲ್ಲ, ಇಪ್ಪತ್ತೆರಡು ದಿನ ಬರಲಿಲ್ಲ. ಬೇರೆಯವರಾಗಿದ್ದರೆ ತೆಪ್ಪಗೆ ಇರುತ್ತಿದ್ದರು. ಆದರೆ ಕೆಂಪು ಇಳಿಸಿ ಬಣ್ಣ ಸರಿಹೋದರೆ, ಮತ್ತೊಂದು ಲಡಿಗೆ ಹಳೆಯ ಲೆಕ್ಕದಲ್ಲೇ ಕೆಂಪು ಹಾಕಿ, ಕೆಡುತ್ತದೆಯೇ ಎಂದು ನೋಡಿದ ಮೇಲೆಯೇ ಅವಳು ಸಹಿ ಹಾಕುವುದು. ಯಾರಿಗೂ ಹೇಳದೆ ಡಾಕ್ಟರ ಮಾತ್ರೆ ನಿಲ್ಲಿಸಿದಳು. ನೋವು ಬರಬೇಕಿತ್ತು. ಒಂಬತ್ತು ದಿನವಾದರೂ ಬರಲಿಲ್ಲ.

ನೋವಿಲ್ಲವೆಂದು ಕುಣಿಯುವುದೋ, ಲೆಕ್ಕ ತಪ್ಪಿತೆಂದು ಅಳುವುದೋ ಅವಳಿಗೆ ತಿಳಿಯಲಿಲ್ಲ. ಬೆಳಗ್ಗೆ ಡಾಕ್ಟರನ್ನು ಕಾಣಬೇಕು, ಕಾಗದ ಬರೆಸಬೇಕು. ಏನೆಂದು ಬರೆಸುವುದು? ಹಿಂದಿನ ಸಂಜೆ ಅಡುಗೆಮನೆಯಲ್ಲಿ ಕಾರ್ಡುಗಳನ್ನೆಲ್ಲ ಹರಡಿಕೊಂಡು ಕೂತು, "ಡಾಕ್ಟರ ಮಾತ್ರೆಯಿಂದಲ್ಲ ಕಣ್ರೀ ವಾಸಿಯಾಗಿದ್ದು. ಅದನ್ನ ನಿಲ್ಲಿಸಿ ಒಂಬತ್ತು ದಿನ ಆಯ್ತು," ಎಂದು ಗಂಡನಿಗೆ ಹೇಳಿದಳು.

ಗಂಡ ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ಏನೋ ಅರಳಿದ ಹಾಗಾಯಿತು.

"ಹಾಗಾದ್ರೆ ಟ್ಯೂಬ್‌ಲೈಟೇ!" ಎಂದ. "ಇಲ್ಲಿಂದು ಪಟಪಟ ಅಂತಿತ್ತಲ್ಲ, ನೀನು ಬೈತೀಯ ಅಂತ ಹೇಳದೇನೇ ಬೇರೆ ಹಾಕಿದ್ದೆ."

"ಯಾವಾಗ?"

"ನೀನು ಕಾರ್ಡು ಶುರು ಮಾಡಿದ ವಾರ."

ಮಗಳು ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. "ಅಮ್ಮಾ, ಬೈಯಬಾರದು," ಎಂದಳು. ಬೆಳಗಿನ ಕಾಫಿ ಮಾಡುವವಳು ಅವಳೇ. ಅಂಗಡಿಯಲ್ಲಿ ಕೆಫೀನ್ ತೆಗೆದ ಪುಡಿ ಸಿಗುತ್ತದೆಂದು ಎಲ್ಲೋ ಓದಿ, ಆ ವಾರವೇ ಹಳೆಯ ಡಬ್ಬಿಗೆ ಅದನ್ನು ಸುರಿದಿದ್ದಳಂತೆ. ಮೊದಲು ಸ್ವಲ್ಪ, ಆಮೇಲೆ ಪೂರ್ತಿ. ರುಚಿ ಕೆಟ್ಟಿದೆಯೆಂದು ತಾನು ಹಾಲಿನವನನ್ನು ಬೈದದ್ದು ಕಣ್ಣಕ್ಕನಿಗೆ ನೆನಪಾಯಿತು.

ಅತ್ತೆ ಮಾತ್ರ ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚುತ್ತಿದ್ದರು. ಅದೇ ಅವರನ್ನು ಹಿಡಿದುಕೊಟ್ಟಿತು.

"ಅತ್ತೇ?"

"ನನ್ನನ್ನೇನು ಕೇಳ್ತೀಯೇ? ನೀನು ದಿನಾ ಗುಳುಂ ಗುಳುಂ ಅಂತ ನೋವಿನ ಮಾತ್ರೆ ನುಂಗ್ತಿದ್ದೆ, ನನಗೆ ನೋಡೋಕಾಗ್ತಿರಲಿಲ್ಲ. ಆವಾಗ್ಲೇ ಆ ಡಬ್ಬಿಗೆ ನನ್ನ ಮೂಳೆ ಮಾತ್ರೆ ತುಂಬಿಟ್ಟೆ. ಅದೂ ಬಿಳಿ, ಇದೂ ಬಿಳಿ. ತಲೆ ಸ್ವಲ್ಪ ಭಾರ ಅಂದಾಗಲೆಲ್ಲ ನೀನು ಅದನ್ನೇ ನುಂಗಿ, ಈಗ ಹಗುರಾಯ್ತು ಅಂತಿದ್ದೆ!"

ಅವಳು ಕಾರ್ಡುಗಳನ್ನು ನೋಡಿದಳು. ಮೂವತ್ತಕ್ಕೂ ಹೆಚ್ಚು ಕಾರ್ಡು, "ಏನು ಬದಲಾಯಿತು" ಎಂಬಲ್ಲಿ, ಮಾತ್ರೆ ನಿಲ್ಲಿಸಿದ ದಿನವೊಂದನ್ನು ಬಿಟ್ಟು, ಪ್ರತಿದಿನ "ಏನೂ ಇಲ್ಲ" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಕೂಗಾಡೋಣವೆಂದರೆ, ಮಾತ್ರೆ ನಿಲ್ಲಿಸಿದ್ದನ್ನು ತಾನೂ ಬಚ್ಚಿಟ್ಟವಳೇ.

ಮರುದಿನ ಡಾಕ್ಟರು ಎಲ್ಲ ಕೇಳಿ ಪೆನ್ನು ಮುಚ್ಚಿಟ್ಟರು. "ನೋವಿನ ಮಾತ್ರೆ ಅತಿಯಾದ್ರೂ ತಲೆ ನೋಯುತ್ತೆ. ಕಾಫಿಯಿಂದ ಕೆಲವರಿಗೆ ಬರುತ್ತೆ, ಕೆಲವರಿಗೆ ಹೋಗುತ್ತೆ. ಮಿಣುಕೋ ದೀಪದಿಂದಲೂ ಆಗಬಹುದು. ನಾನು ಕೊಟ್ಟ ಮಾತ್ರೆ ನಿಲ್ಲಿಸಿದ ಮೇಲೂ ಅದರ ಗುಣ ಕೆಲವು ದಿನ ಉಳಿಯುತ್ತೆ. ನಾನೇನಮ್ಮಾ ಬರೀಲಿ?"

"ಮಾತ್ರೆಯಿಂದ ಅಂತ ಬರೆದುಬಿಡಿ," ಎಂದು ಜೊತೆಗೆ ಬಂದಿದ್ದ ಗಂಡ ಮೆಲ್ಲಗೆ ಹೇಳಿದ. ಒಂದು ಸಾಲಿನ ಕೆಲಸ, ಮೇಜು ಉಳಿಯುತ್ತಿತ್ತು. ಅವಳಿಗೆ ಆಸೆಯೂ ಆಯಿತು. ಆದರೆ ಗೊತ್ತಿಲ್ಲದ ಬಣ್ಣಕ್ಕೆ ಅವಳು ಒಮ್ಮೆ ಸಹಿ ಹಾಕಿ ನೋಡಿಯಾಗಿತ್ತು.

"ಗೊತ್ತಿಲ್ಲ ಅಂತಲೇ ಬರೀರಿ," ಎಂದಳು.

ಗೊತ್ತಾಗಬೇಕಾದರೆ ಒಂದೊಂದನ್ನೇ ಮತ್ತೆ ಮೊದಲಿನಂತೆ ಮಾಡಿ ನೋಡಬೇಕು, ಮೂರು ತಿಂಗಳಾದರೂ ಬೇಕು, ನೋವು ಮರಳಬಹುದು ಎಂದರು ಡಾಕ್ಟರು. ಸೂಪರ್‌ವೈಸರ್ ಕಾಗದವನ್ನು ಎರಡು ಸಲ ಓದಿ, "ಅಲ್ಲೀವರೆಗೆ ಚೀಟಿ ಕೋಣೆ. ಮೇಜು ಖಾಲಿ ಇಟ್ಟಿರ್ತೀನಿ. ಉತ್ತರ ತನ್ನಿ, ಬಂದು ಕೂತ್ಕೊಳ್ಳಿ," ಎಂದ.

ಹೀಗೆ ಕಣ್ಣಕ್ಕ ತಲೆನೋವಿಲ್ಲದ ತಲೆ ಹೊತ್ತು ಚೀಟಿ ಅಂಟಿಸತೊಡಗಿದಳು. ನೋವಿದ್ದಾಗ ಮೇಜಿತ್ತು, ನೋವು ಹೋದಾಗ ಮೇಜೂ ಹೋಯಿತು. ಇದಕ್ಕೆ ಯಾರನ್ನು ಬೈಯುವುದೆಂದೇ ಅವಳಿಗೆ ಹೊಳೆಯಲಿಲ್ಲ.

ಮೊದಲ ಸರದಿ ಕಾಫಿಯದು. "ನಾಳೆಯಿಂದ ಹಳೇ ಪುಡಿ ಹಾಕು," ಎಂದು ಮಗಳಿಗೆ ಹೇಳಿದಳು. ಮಗಳು ಹೂಂ ಎಂದಳು. ಆಮೇಲೆ ಇಡೀ ಮನೆ ಅವಳ ಮುಖ ನೋಡುತ್ತ ಓಡಾಡಿತು. ಹುಬ್ಬು ಗಂಟಿಕ್ಕಿದರೆ ಅತ್ತೆ ಕೆಲಸ ನಿಲ್ಲಿಸುವರು. ಕಣ್ಣು ಉಜ್ಜಿದರೆ ಗಂಡ ಟೀವಿ ಆರಿಸುವನು.

ನಾಲ್ಕನೆಯ ದಿನ ಭಾನುವಾರ. ಬೆಳಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಎಡಗಣ್ಣಿನ ಅಂಚಿನಲ್ಲಿ ಅಂಕುಡೊಂಕು ಗೆರೆ ಕಾಣಿಸಿತು. ಅಯ್ಯೋ ಎಂದಳು, ಮರುಕ್ಷಣವೇ ಹಿಗ್ಗಿದಳು. ಹೌದು, ಹಿಗ್ಗಿದಳು. ಗೋಡೆ ಹಿಡಿದುಕೊಂಡು ಕೋಣೆಗೆ ಹೋಗಿ ಮಲಗಿ, ನೋವು ಏರುತ್ತಿರುವಾಗಲೇ, "ಸಿಕ್ಕಿತು! ಕಾಫಿ ಕಣೇ, ಕಾಫಿ! ಕಾರ್ಡು ತಾ!" ಎಂದು ಮಗಳನ್ನು ಕೂಗಿದಳು.

ಮಗಳು ಕಾರ್ಡು ತರಲಿಲ್ಲ. ಬಂದು ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಅಮ್ಮಾ, ನಾನು ಹಳೇ ಪುಡಿ ಹಾಕಲೇ ಇಲ್ಲ."

"ಏನಂದೆ?"

"ದಿನಾ ಬೆಳಗ್ಗೆ ಡಬ್ಬಿ ತೆಗೀತಿದ್ದೆ. ಇದನ್ನ ಹಾಕಿದ್ರೆ ನಿನಗೆ ನೋಯುತ್ತೆ ಅಂತ ಗೊತ್ತಿದ್ದೂ ಹಾಕೋಕೆ ಕೈ ಬರಲಿಲ್ಲ."

ಕಣ್ಣಕ್ಕ ಒದ್ದೆ ಬಟ್ಟೆಯ ಕೆಳಗೆ ಲೆಕ್ಕ ಹಾಕಲು ನೋಡಿದಳು. ಪುಡಿ ಬದಲಾಗಿಲ್ಲ. ದೀಪ ಬದಲಾಗಿಲ್ಲ. ನೋವಿನ ಮಾತ್ರೆಗೆ ಬೀಗ ಹಾಕಿ ಅತ್ತೆ ಕಾಯುತ್ತಿದ್ದಾರೆ. ಏನೂ ಬದಲಾಗದೆ ನೋವು ಬಂದಿದೆ. ಇಲ್ಲವೇ ಡಾಕ್ಟರ ಮಾತ್ರೆಯ ಗುಣ ಈಗ ಮುಗಿದಿರಬಹುದು. ಇಲ್ಲವೇ ಇಂದಿನ ಬಿಸಿಲು. ಇಲ್ಲವೇ ಈಗ ಬಂತು, ಆಗ ಬಂತು ಎಂದು ನಾಲ್ಕು ದಿನ ನೋವನ್ನೇ ಕಾದದ್ದು. ಯೋಚನೆ ಮುಂದಕ್ಕೆ ಹೋಗಲಿಲ್ಲ, ತಲೆ ಗುದ್ದುತ್ತಿತ್ತು. ಮೇಜು ಮತ್ತಷ್ಟು ದೂರ ಸರಿಯಿತೆಂದು ಸಿಟ್ಟು ನೆತ್ತಿಗೇರಿತು.

ಬೈಯಲೆಂದು ಬಟ್ಟೆ ಸರಿಸಿದಳು. ಮಗಳ ಮುಖ ಬಿಳಿಚಿಕೊಂಡಿತ್ತು. ನಾಲ್ಕು ದಿನದಿಂದ ಈ ಹುಡುಗಿ ಒಲೆಯ ಮುಂದೆ ಒಬ್ಬಳೇ ನಿಂತು ಏನು ಯೋಚಿಸಿರಬೇಕು?

"ನಾಳೆಯಿಂದ ನಿಜವಾಗ್ಲೂ ಹಾಕ್ತೀನಮ್ಮಾ," ಎಂದಳು ಮಗಳು. "ಖಂಡಿತ ಹಾಕ್ತೀನಿ. ನಿನಗೆ ಮೇಜು ಬೇಕಲ್ವಾ."

ಕಣ್ಣಕ್ಕ ಅವಳ ಕೈ ಹಿಡಿದುಕೊಂಡಳು.

"ಬೇಡ. ಇದು ನಿನಗೆ ಹೇಳೋ ಕೆಲಸವೇ ಆಗಿರಲಿಲ್ಲ," ಎಂದಳು. "ಈ ನೋವು ಇಳೀಲಿ. ಆಮೇಲೆ ನನ್ನ ಕಾಫಿ ನಾನೇ ಮಾಡ್ಕೋತೀನಿ."