ಕಾರಂಜಿಯ ಎದುರಿನ ಬೆಂಚು

ಅಮೆರಿಕದ ದಕ್ಷಿಣದ ಸವಾನಾ ಊರನ್ನು ತೋರಿಸುವ ವಿಷಯಕ್ಕೆ ಬಂದರೆ ವರ್ಡೆಲ್ ಗ್ಯಾಡ್ಸನ್ ಮುಂದೆ ಯಾರೂ ಬಾಲ ಬಿಚ್ಚುವ ಹಾಗಿರಲಿಲ್ಲ. ವರ್ಷಗಟ್ಟಲೆ ಶಾಲೆಯಲ್ಲಿ ಚರಿತ್ರೆ ಹೇಳಿದ ಬಾಯಿ ಅದು, ನಿವೃತ್ತಿಯಾಯಿತು ಅಂತ ಸುಮ್ಮನಾಗುತ್ತದೆಯೇ? ಯಾವ ಚೌಕದ ಓಕ್ ಮರ ಎಷ್ಟು ಹಳೆಯದು, ಯಾವ ಮನೆಯ ಕಬ್ಬಿಣದ ಕಟಕಟೆ ಯಾರ ಕೈಕೆಲಸ, ಎಲ್ಲ ಬಾಯಿಪಾಠ. ಇಂಥ ಚೆಂದದ ಊರು ಇನ್ನೊಂದಿಲ್ಲ ಅಂತ ಆಕೆ ಅಂದರೆ ಎದುರು ಕೂತವರು ಹೂಂ ಅನ್ನಲೇಬೇಕು.

ಗ್ಯಾಡ್ಸನ್ ಮನೆತನದವರು ಎರಡು ವರ್ಷಕ್ಕೊಮ್ಮೆ ಒಂದೊಂದು ಊರಲ್ಲಿ ಸೇರುತ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಅಂಗಿ. ಶುಕ್ರವಾರ ಕರಿದ ಮೀನು, ಶನಿವಾರ ಊರು ನೋಡುವುದು, ಭಾನುವಾರ ಚರ್ಚು. ಈ ಸಲದ ಸರದಿ ಸವಾನಾದ್ದು, ಶನಿವಾರದ ಉಸ್ತುವಾರಿ ವರ್ಡೆಲ್‌ದು. ಮಿಕ್ಕವರು ಬರಲಿ ಬಿಡಲಿ, ಆಕೆಗೆ ಬೇಕಾದವಳು ಒಬ್ಬಳೇ: ಡೆಟ್ರಾಯಿಟ್‌ನ ಒಜೆಲ್ಲಾ ಅತ್ತೆ. ಅಪ್ಪನ ತಂಗಿ, ಆ ತಲೆಮಾರಿನಲ್ಲಿ ಉಳಿದ ಕೊನೆಯ ಜೀವ. ಹರೆಯದಲ್ಲಿ ರೈಲು ಹತ್ತಿ ಹೋದವಳು ಸ್ವಂತ ಅಣ್ಣ ಸತ್ತಾಗಲೂ ಈ ಊರಿಗೆ ಕಾಲಿಟ್ಟಿರಲಿಲ್ಲ. ಈ ಸಲ ಮಾತ್ರ, "ಏನೇನು ತೋರಿಸ್ತೀಯ ಮೊದ್ಲು ಹೇಳು. ಬರೋದು ಬಿಡೋದು ಆಮೇಲೆ" ಅಂದಿದ್ದಳು. ಅಷ್ಟಕ್ಕೇ ವರ್ಡೆಲ್‌ಗೆ ಆಸೆ ಚಿಗುರಿತು. ಅತ್ತೆಗೆ ಎಂಬತ್ತು ಹತ್ತಿರ ಬಂತು. ಈಗ ಬರದಿದ್ದರೆ ಇನ್ನೆಂದೂ ಬರುವುದಿಲ್ಲ.

ಎಲ್ಲರೂ ಸೇರಲು ಇನ್ನೂ ಕೆಲವು ವಾರ ಇರುವಾಗ, ಒಂದು ಭಾನುವಾರ ಚರ್ಚು ಮುಗಿಸಿ ಬಂದು, ಒಲೆಯ ಮೇಲೆ ಟೊಮೆಟೊ ಹಾಕಿದ ಕೆಂಪನ್ನ ಬೇಯಲು ಇಟ್ಟು, ಚಿಕ್ಕಪ್ಪನ ಮಗ ಕ್ಲಿಯೋಫಸ್‌ಗೆ ತನ್ನ ಯೋಜನೆ ಒಪ್ಪಿಸಿದಳು. ಬಸ್ಸು ಗೊತ್ತುಮಾಡುವ ಕೆಲಸ ಅವನದು.

"ಅಕ್ಕಾ, ಒಂದೇ ದಿನದಲ್ಲಿ ಇಷ್ಟೆಲ್ಲ ಸುತ್ತಿಸಿದ್ರೆ, ನಾವು ಊರು ನೋಡೋಕೆ ಬಂದ್ವಾ ಸಾಯೋಕೆ ಬಂದ್ವಾ ಅಂತಾರೆ."

"ನಿಂಗೆ ಊಟದ ಜಾಗ ಬಿಟ್ರೆ ಬೇರೇನು ಕಾಣುತ್ತೆ? ಸುಮ್ನಿರೋ," ಅಂದು ಆಕೆ ಡೆಟ್ರಾಯಿಟ್‌ಗೆ ಫೋನು ಹಚ್ಚಿ, ಅವನಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

ಗುಲಾಮರಾಗಿದ್ದವರು ದಿನವಿಡೀ ದುಡಿದು, ಕತ್ತಲಾದ ಮೇಲೆ ಇಟ್ಟಿಗೆ ಹೊತ್ತು ಕಟ್ಟಿದ ಚರ್ಚು. ಹಡಗುಗಳಿಂದ ಅವರನ್ನು ಇಳಿಸುತ್ತಿದ್ದ ನದಿಯ ದಂಡೆ. ಕಪ್ಪುಜನರ ಹಕ್ಕಿನ ಚಳವಳಿಯ ಕಾಲದ ವಸ್ತುಗಳ ಸಂಗ್ರಹಾಲಯ. ವರ್ಡೆಲ್ ಹೇಳುತ್ತಾ ಹೋದಳು.

"ಬೆಳಗ್ಗೆಯಿಂದ ಅಳಿಸೋದೇ ಆಯ್ತಲ್ಲೇ," ಅಂದಳು ಅತ್ತೆ ಕೊನೆಗೆ. "ಅದನ್ನ ನಾನು ನೋಡೋದೇನಿದೆ, ಅನುಭವಿಸಿ ಹೋದವಳು."

"ಚೆಂದದ್ದೂ ಇದೆ ಅತ್ತೆ. ಚೌಕಗಳು, ದೊಡ್ಡ ಮನೆಗಳು, ಉದ್ಯಾನದ ಕಾರಂಜಿ. ಬಸ್ಸನ್ನ ನಿಧಾನಕ್ಕೆ ಬಿಡಿಸ್ತೀನಿ."

"ಕೂರೋದು ಎಲ್ಲಿ?"

"ಬಸ್ಸಲ್ಲಿ ಸೀಟಿದೆಯಲ್ಲ."

"ಬಸ್ಸಲ್ಲಲ್ಲ ಕಣೇ. ಊರಲ್ಲಿ."

ಇಡೀ ದಿನದ ಯೋಜನೆಯಲ್ಲಿ ಎಲ್ಲೂ ಕೂರುವ ಜಾಗವಿರಲಿಲ್ಲ. ಕ್ಲಿಯೋಫಸ್ ಕೂಡ ಚಮಚ ಕೆಳಗಿಟ್ಟು ಕೇಳತೊಡಗಿದ.

"ಆಗ ನಾನೊಂದು ಬಿಳಿಯರ ಮನೇಲಿ ಮಗು ನೋಡ್ಕೊಳ್ತಿದ್ದೆ," ಅತ್ತೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನಮ್ಮಂಥ ಕಪ್ಪುಜನ ಅವರ ಮಗು ಜೊತೆಗಿದ್ರೆ ಮಾತ್ರ ಉದ್ಯಾನದೊಳಗೆ ಹೋಗ್ಬಹುದಿತ್ತು. ಆ ಕಾರಂಜಿಯಷ್ಟು ಚೆಂದದ್ದು ನಾನು ಇವತ್ತಿನವರೆಗೂ ನೋಡಿಲ್ಲ. ಆದ್ರೆ ಒಂದು ಕಣ್ಣು ಯಾವಾಗ್ಲೂ ಮಗು ಮೇಲೆ. ರಜೆಯ ದಿನ ನಾನೊಬ್ಳೇ ಹೋಗಿ ಎದುರಿನ ಬೆಂಚಲ್ಲಿ ಕೂತೆ. ಪೊಲೀಸಿನವನು ಬಂದ. ಮಗು ಎಲ್ಲಿ ಅಂತ ಕೇಳ್ದ. ಎದ್ದು ಬಂದೆ. ಅದೇ ತಿಂಗಳು ರೈಲು ಹತ್ತಿದೆ."

ಊರಿನ ಚರಿತ್ರೆಯೆಲ್ಲ ಅರೆದು ಕುಡಿದ ವರ್ಡೆಲ್‌ಗೆ ಮನೆಯೊಳಗಿನ ಈ ಮಾತು ಗೊತ್ತಿರಲಿಲ್ಲ.

"ಆ ಬೆಂಚಲ್ಲಿ ಕೂರ್ಬೇಕು. ಕೈಯಲ್ಲಿ ಕೆಲಸ ಇಲ್ದೆ, ಎರಡೂ ಕಣ್ಣಲ್ಲಿ ನೋಡ್ಬೇಕು. ನೀನು ಹೋಗಿ ನೋಡಿ ಹೇಳು, ಆಗುತ್ತೋ ಇಲ್ವೋ."

"ಈಗ ಯಾರು ಬೇಕಾದ್ರೂ ಕೂರ್ಬಹುದು ಅತ್ತೆ. ಕಾನೂನು ಬದಲಾಗಿ ಎಷ್ಟು ಕಾಲ ಆಯ್ತು."

"ಕಾನೂನು ನಂಗೂ ಗೊತ್ತು. ಹೋಗಿ ನೋಡು ಅಂದೆ."

ಮರುದಿನ ಬೆಳಗ್ಗೆ ವರ್ಡೆಲ್ ಹೋದಳು. ಮರಗಳಿಂದ ಪಾಚಿ ಬೂದು ಬಣ್ಣದ ಜಡೆಯಾಗಿ ಇಳಿಬಿದ್ದಿತ್ತು. ಬೆಳ್ಳಗಿನ ಕಾರಂಜಿ ಎಳೆಬಿಸಿಲಲ್ಲಿ ನೀರು ಚಿಮ್ಮಿಸುತ್ತಾ ಎಷ್ಟು ಚೆಂದವಾಗಿತ್ತೆಂದರೆ, ದಿನಾ ನೋಡುವ ಆಕೆಯೇ ಒಂದು ಗಳಿಗೆ ನಿಂತು ನೋಡಿದಳು. ನೆರಳಿರುವ, ಬೆನ್ನಿಗೆ ಒರಗು ಇರುವ ಬೆಂಚೊಂದನ್ನು ಆರಿಸಿದಳು. ಅಲ್ಲಿಂದ ಹೇಗೆ ಕಾಣುತ್ತದೆಂದು ತಿಳಿಯಲು ಕೂತು ನೋಡಬೇಕಿತ್ತು.

ಕಾಲು ಮಡಿಯಲಿಲ್ಲ. ಎಷ್ಟು ತಂಡ ಮಕ್ಕಳನ್ನು ಇಲ್ಲಿಗೆ ಕರೆತಂದಿದ್ದಳೋ, ಪ್ರತಿ ಸಲ ನಿಂತೇ ಪಾಠ ಹೇಳಿದ್ದಳು. ಚಿಕ್ಕಂದಿನಲ್ಲಿ ಅಪ್ಪ ಈ ಉದ್ಯಾನದ ಅಂಚಿನಲ್ಲಿ ಕೈ ಹಿಡಿದು ಸರಸರ ಎಳೆದುಕೊಂಡು ಹೋಗುತ್ತಿದ್ದ: ನೋಡ್ತಾ ನಡಿ ಮಗಳೇ, ನಿಲ್ಬೇಡ. ಅಪ್ಪ ಹೋದ, ಕಾನೂನು ಹೋಯಿತು. ಅರವತ್ತು ದಾಟಿದ ಈ ಹೆಂಗಸು ತನ್ನದೇ ಊರಿನ ಈ ಉದ್ಯಾನದಲ್ಲಿ ಒಂದು ಸಲವೂ ಕೂತಿರಲಿಲ್ಲ. ಆಕೆಗೆ ತನ್ನ ಮೇಲೇ ಸಿಟ್ಟು ಬಂತು, ಅಳುವೂ ಬಂತು.

ಕೂತಳು. ಮೊದಲು ಅಂಚಿನಲ್ಲಿ, ಮಡಿಲಲ್ಲಿ ಕೈಚೀಲ ಒತ್ತಿ ಹಿಡಿದು. ಆಮೇಲೆ ಹಿಂದಕ್ಕೆ ಸರಿದು, ಚೀಲ ಪಕ್ಕಕ್ಕಿಟ್ಟು, ಒರಗಿದಳು. ಬಹಳ ಹೊತ್ತಿನ ಮೇಲೆ ಫೋನು ತೆಗೆದಳು.

"ಅತ್ತೆ, ಇಲ್ಲಿಂದ ಕಾರಂಜಿ ಇಡೀ ಕಾಣುತ್ತೆ."

"ನಿಂತಿದ್ದೀಯೋ, ಕೂತಿದ್ದೀಯೋ?"

"ಕೂತಿದ್ದೀನಿ. ಆಗ್ಲಿಂದ."

"ಯಾರಾದ್ರೂ ಬಂದ್ರಾ?"

"ಇಲ್ಲ ಅತ್ತೆ. ಯಾರೂ ಬರ್ಲಿಲ್ಲ."

"ಹಾಗಾದ್ರೆ ನಾನು ಬರ್ತೀನಿ," ಅಂದಳು ಒಜೆಲ್ಲಾ ಅತ್ತೆ.