ಎಪ್ಪತ್ತಕ್ಕೆ ನಿಂತ ಆಟ

ಕಂಪ್ಯೂಟರ್ ರಿಪೇರಿ ನನ್ನ ಕಸುಬು, ಕೋಪ ಮೂಗಿನ ತುದಿಯಲ್ಲೇ. ಗಿರಾಕಿಗಳು ಹೇಗೋ ಸಹಿಸಿಕೊಳ್ಳುತ್ತಾರೆ. ಅಕ್ಕ ಮಾತ್ರ ಹೆದರುತ್ತಾಳೆ. ಅಂದು ಬೆಳಿಗ್ಗೆ ಮೂರನೇ ಸಲ ಫೋನ್ ಮಾಡಿದಾಗ ಅವಳ ದನಿ ಆಗಲೇ ಅರ್ಧಕ್ಕೆ ಇಳಿದಿತ್ತು.

“ಎಪ್ಪತ್ತು ಪರ್ಸೆಂಟಿಗೆ ನಿಂತಿದೆ ಕಣೋ. ಅರ್ಧ ಗಂಟೆ ಆಯ್ತು, ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ.”

ನಿಂತಿದ್ದು ಒಂದು ಆಟದ ಇನ್‌ಸ್ಟಾಲ್. ಭಾವ ಮತ್ತು ಅವರ ಮಗಳು ಎರಡು ವರ್ಷ ಕೂತು ಆ ಆಟದಲ್ಲಿ ಒಂದು ಊರು ಕಟ್ಟಿದ್ದರು: ಸೇತುವೆ, ಬೇಕರಿ, ಯಾವತ್ತೂ ಸಮಯಕ್ಕೆ ಬಾರದ ಟ್ರಾಮು. ಭಾವ ಮಗಳನ್ನು ಕರೆಯುತ್ತಿದ್ದದ್ದೇ ಮೆಣಸಿನಕಾಯಿ ಎಂದು. ಬಾಯಿ ಬಿಟ್ಟರೆ ಅಷ್ಟು ಖಾರ. ಭಾವ ತೀರಿಕೊಂಡು ನಾಲ್ಕು ತಿಂಗಳು. ಆ ಹುಡುಗಿ ಈಗ ‘ಹೂಂ’, ‘ಉಹುಂ’ ಬಿಟ್ಟು ಮೂರನೇ ಮಾತಾಡುವುದಿಲ್ಲ. ಹಿಂದಿನ ದಿನ ಮಾತ್ರ ತಾನಾಗಿಯೇ ಕೇಳಿದ್ದಳು: “ಅಮ್ಮಾ, ನಮ್ಮ ಊರು ಹಾಕಿಕೊಡ್ತೀಯಾ?” ಅಕ್ಕ ಕೆಲಸಕ್ಕೆ ರಜೆ ಹಾಕಿ ಕೂತಿದ್ದಳು.

ಭಾವ ಹೋದ ಮರುತಿಂಗಳು ಅವರು ಆಡುತ್ತಿದ್ದ ಕಂಪ್ಯೂಟರ್ ಕೆಟ್ಟಾಗ ಸರಿಮಾಡಿದವನು ನಾನೇ. ಆಟ ಅಳಿಸಿಹೋಗಿತ್ತು, ಉಳಿದಿದ್ದ ಊರಿನ ಫೈಲುಗಳನ್ನೂ, ಆಡುವಾಗ ಅಪ್ಪ-ಮಗಳು ಕಿತ್ತಾಡಿದ ವಿಡಿಯೋಗಳನ್ನೂ ಒಂದು ಫೋಲ್ಡರಿಗೆ ತುಂಬಿ ‘ಹಳೇದು’ ಎಂದು ಹೆಸರಿಟ್ಟಿದ್ದೆ. ಬೇರೆ ಹೆಸರು ಯೋಚಿಸಲು ಸೋಮಾರಿತನ. ಒಳಗೇನಿದೆ ಎಂದು ಅಕ್ಕನಿಗೆ ಹೇಳಿಯೂ ಇರಲಿಲ್ಲ. ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ದಿನಾ ಬೈಯುವ ನಾನು ಇದಕ್ಕೆ ಇಟ್ಟಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

“ಡಿಸ್ಕಲ್ಲಿ ಜಾಗ ಇಲ್ಲ, ಅದಕ್ಕೇ ನಿಂತಿದೆ. ಬೇಡದ್ದನ್ನ ಅಳಿಸು. ಶಿಫ್ಟ್ ಒತ್ತಿಕೊಂಡು ಡಿಲೀಟ್ ಒತ್ತು, ಪೂರ್ತಿ ಹೋಗುತ್ತೆ,” ಎಂದೆ. ಅವಳು ಎರಡು ಸಿನಿಮಾ ಅಳಿಸಿದಳು. ಸಾಲಲಿಲ್ಲ. ಅಷ್ಟರಲ್ಲಿ ಅಂಗಡಿಗೆ ಯಾರೋ ಪ್ರಿಂಟರ್ ಹೊತ್ತು ಬಂದರು.

“ಸರಿ, ‘ಹಳೇದು’ ಅಂತ ಒಂದು ಫೋಲ್ಡರ್ ಇದೆ ನೋಡು. ಅದನ್ನ ತೆಗಿ. ಬೇಗ!”

ಒಳಗಿನ ಯಾವ ವಿಡಿಯೋ ಬೇರೆಡೆಗೆ ಸಾಗಿಸಬಹುದು ಎಂದು ನೋಡುವುದು ನನ್ನ ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳದೆ ಫೋನನ್ನು ಮೇಜಿನ ಮೇಲಿಟ್ಟು ಪ್ರಿಂಟರಿನ ಕಡೆ ತಿರುಗಿದೆ.

ಸಿಕ್ಕಿಕೊಂಡ ಕಾಗದ ಎಳೆಯುತ್ತಿದ್ದಾಗ ಅಕ್ಕನ ಕೂಗು ಕೇಳಿಸಿತು. “ಓಡ್ತಿದೆ ಕಣೋ! ಎಪ್ಪತ್ತೆಂಟು!” ನಗುತ್ತಿದ್ದಳು. ನನಗೂ ಖುಷಿಯಾಯಿತು. ಕಾಗದ ಪೂರ್ತಿ ಹೊರಬಂದ ಮೇಲೆ ನಿಧಾನವಾಗಿ ಫೋನ್ ಎತ್ತಿಕೊಂಡೆ.

“ತೊಂಬತ್ತೊಂದು!” ಎಂದಳು.

“ಅದ್ಹೇಗೆ? ಏನು ಮಾಡಿದೆ?”

“ನೀನೇ ಹೇಳಿದೆಯಲ್ಲ, ಹಳೇದು ತೆಗಿ ಅಂತ. ತೆಗೆದೆ.”

“ತೆಗೆದು ಒಳಗೆ ನೋಡಿದೆಯಾ?”

“ತೆಗೆದು ಹಾಕಿದ ಮೇಲೆ ಒಳಗೇನೋ ನೋಡೋದು?”

ಬಾಗಿಲು ತೆಗಿ ಅಂದರೆ ಒಂದು, ಕಸ ತೆಗಿ ಅಂದರೆ ಇನ್ನೊಂದು. ಹುಟ್ಟಿದಾಗಿನಿಂದ ಆಡುವ ಮಾತು, ಬೇಕಾದ ಹೊತ್ತಿಗೆ ನನಗೆ ಹೊಳೆಯಲಿಲ್ಲ.

“ಪ್ಲಗ್ ಕೀಳು!” ಎಂದು ಕಿರುಚಿದೆ. ಪ್ರಿಂಟರಿನವರು ಎರಡು ಹೆಜ್ಜೆ ಹಿಂದೆ ಸರಿದರು. ಅಳಿಸಿದ್ದು ಡಿಸ್ಕಿನಿಂದ ಕೂಡಲೇ ನಾಶವಾಗುವುದಿಲ್ಲ. ಅದರ ಜಾಗದಲ್ಲಿ ಹೊಸದು ಬಂದು ಕೂರುವವರೆಗೆ ಹೆಕ್ಕಿ ತೆಗೆಯಬಹುದು. ಆದರೆ ಅಕ್ಕ ಅಂಕಿ ಎಣಿಸಿದಷ್ಟು ಹೊತ್ತೂ ಆಟ ಆ ಜಾಗದಲ್ಲೇ ಬಂದು ಕೂರುತ್ತಿತ್ತು.

ಅಂಗಡಿ ಮುಚ್ಚಿ ಅವಳ ಮನೆಗೆ ಓಡಿದೆ. ಮೂರು ಗಂಟೆ ಹೆಣಗಿದೆ. ಊರು ಸಿಗಲಿಲ್ಲ. ವಿಡಿಯೋದ ಒಂದು ಚೂರು ಸಿಕ್ಕಿತು, ಅದರಲ್ಲಿ ಭಾವನ ದನಿ ಇರಲಿಲ್ಲ.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದೊಯ್ದಳು. “ಅಳಿಸಿದ್ದು ನಾನು ಅಂತ ಅವಳಿಗೆ ಹೇಳಬೇಡ ಕಣೋ. ಇರೋ ಎರಡು ಮಾತೂ ನಿಂತುಹೋಗುತ್ತೆ.”

ತಪ್ಪು ನನ್ನದೇ. ಹುಡುಗಿಯ ಕೋಣೆಗೆ ಹೋಗಿ, “ನಿಮ್ಮ ಊರು ಹೋಯ್ತು ಪುಟ್ಟಾ. ಅಳಿಸಿದ್ದು ನಾನು,” ಎಂದೆ.

“ಸುಳ್ಳು ಹೇಳಬೇಡ ಮಾಮ. ಅಮ್ಮ ಅಳಿಸಿದಾಗ ನಾನು ಬಾಗಿಲಲ್ಲೇ ಇದ್ದೆ. ಆ ಫೋಲ್ಡರ್ ದಿನಾ ನೋಡ್ತಿದ್ದೆ, ನಂಗೊತ್ತಾಗಲ್ವಾ?”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಓಡ್ತು ಅಂತ ಅಮ್ಮ ನಕ್ಕಳು. ಅಪ್ಪ ಹೋದಮೇಲೆ ಮೊದಲನೇ ಸಲ. ಹೇಗಿದ್ರೂ ಅಳಿಸಿ ಆಗಿತ್ತು. ಹೇಳಿದ್ರೆ ಏನಾಗ್ತಿತ್ತು?”

ಆಗ ಒಂದು ಮಾತು ಕೂಗಿದ್ದರೆ ಊರು ಮುಕ್ಕಾಲು ಪಾಲಾದರೂ ಉಳಿಯುತ್ತಿತ್ತು. ಅವಳು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಏನೂ ಆಗ್ತಿರಲಿಲ್ಲ ಪುಟ್ಟಾ,” ಎಂದೆ.