ಸಬ್ಬತ್ತಿನ ಸರಪಳಿ

ಸೀಮೆಎಣ್ಣೆ ತಣ್ಣಗಿದೆ, ಬೆರಳೂ ತಣ್ಣಗಿವೆ, ಎಣ್ಣೆ ಎಲ್ಲಿ ಮುಗಿದು ಬೆರಳು ಎಲ್ಲಿ ಶುರುವಾಯಿತೋ ತಿಳಿಯದು, ಬೋಗುಣಿಯ ತಳಕ್ಕೆ ಮರಳು ಕಣಕಣವಾಗಿ ಇಳಿಯುತ್ತಿದೆ, ಇಳಿಯಲಿ, ಕಾರಿನ ತುಂಡಾದ ಸರಪಳಿಯನ್ನು ತೊಳೆದು ಮೇಜಿನ ಮೇಲಿಡು, ನಾಳೆ ಸಾವಿನ ವಿಚಾರಣೆ ಎಂದು ಪೊಲೀಸಿನವನು ಹೇಳಿ ಹೋಗಿದ್ದಾನೆ, ಐಡ್ವಲ್ ತೊಳೆಯುತ್ತಿದ್ದಾನೆ, ಅಳು ಬರಬೇಕಿತ್ತು, ಬಂದಿಲ್ಲ, ಹೆಂಡತಿ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿದೆ — ಮೂಲೆಯ ಪಾತ್ರೆಯಲ್ಲಿ ಕೊಬ್ಬು ಹೆಪ್ಪುಗಟ್ಟಿದೆ, ಅದರೊಳಗೆ ಹೊಸ ಸರಪಳಿ, ಶನಿವಾರದ ರೈಲಿಗೆ ಬಂದದ್ದು, ಅಂದೇ ಸಂಜೆ ಕಾಸಿದ ಕೊಬ್ಬಿನಲ್ಲಿ ಮುಳುಗಿಸಿದ್ದ, ಒಂದು ರಾತ್ರಿ ನೆನೆದರೆ ಮೇಣದಬತ್ತಿಯ ಹಾಗೆ ಬೆಳ್ಳಗೆ ಹೊರಬರುತ್ತದೆ, ಕೂರಿಸಲು ಅರ್ಧ ದಿನ, ಆ ಅರ್ಧ ದಿನ ಭಾನುವಾರವಾಗಿತ್ತು. ಭಾನುವಾರ ಐಡ್ವಲ್ ಸ್ಪ್ಯಾನರ್ ಮುಟ್ಟುವವನಲ್ಲ, ಅವನಪ್ಪನೂ ಮುಟ್ಟಿದವನಲ್ಲ, ಈ ವೇಲ್ಸಿನ ಕರಾವಳಿಯಲ್ಲಿ ಸಬ್ಬತ್ ದಿನ ಬಟ್ಟೆ ಒಣಹಾಕಿದರೂ ಮಾತು ಬರುತ್ತದೆ, ಸರಪಳಿ ಸವೆದಿದೆ ಎಂದು ಹೇಳಿದ್ದರೆ ಕಾರಿನ ಒಡೆಯ ಕ್ಯಾಪ್ಟನ್ ಹಾರ್ಗ್ರೀವ್ ತಾವೇ ತೋಳೇರಿಸಿ ಕೆಲಸಕ್ಕೆ ಕೂರುತ್ತಿದ್ದರು, ಐಡ್ವಲನ ಶೆಡ್ಡಿನಲ್ಲೇ, ಊರೆಲ್ಲ ಪ್ರಾರ್ಥನೆಗೆ ಹೋಗುವ ದಾರಿಯಲ್ಲೇ, ಅದಕ್ಕೆ ಹೇಳಲಿಲ್ಲ, ಬಿಳಿ ಕಾಲರು ಹಾಕಿಕೊಂಡು ಹೋದ, ತನ್ನ ಸರದಿ ಬಂದಾಗ ಎದ್ದು ಬೈಬಲಿನ ವಚನ ಒಪ್ಪಿಸಿದ, ಅಮ್ಮ ಬಾಯಿಪಾಠ ಮಾಡಿಸಿದ್ದು, ನಾಲಿಗೆ ವಚನ ಹೇಳುತ್ತಿತ್ತು, ಮನಸ್ಸು ಸರಪಳಿಯ ಕೊಂಡಿಗಳನ್ನು ಎಣಿಸುತ್ತಿತ್ತು, ತನ್ನ ದಿನ ಪಾಲಿಸಿದವನನ್ನು ದೇವರು ಒಂದು ಬೆಳಗಿನ ಮಟ್ಟಿಗೆ ಕಾಯದೆ ಬಿಟ್ಟಾನೆಯೇ.

ಸೋಮವಾರ ಆರೂವರೆಗೆ ಕಡಲ ಇಳಿತ, ವೇಗದ ದಾಖಲೆಯ ಓಟಕ್ಕೆ ಮರಳು ಗಟ್ಟಿಯಿರುವುದು ಎರಡೇ ಗಂಟೆ, ಚಿಪ್ಪು ಹೆಕ್ಕುವ ಮಾರ್ಗೆಡ್ ಬುಟ್ಟಿ ಹೊತ್ತು ಹೋಗುತ್ತ ಕೂಗಿದ್ದಳು, ಏನೋ ಐಡ್ವಲ್, ಭಾನುವಾರ ದೇವರಿಗೆ, ಸೋಮವಾರ ದೆವ್ವಕ್ಕೆ, ಹೆಂಡ್ತಿಗೆ ಯಾವ ವಾರನೋ, ಕ್ಯಾಪ್ಟನ್ ನಕ್ಕಿದ್ದರು, ಆಮೇಲೆ ಕೈಗವಸು ತೆಗೆದು — ಬೇಡ. ಆ ಕಾರು ದೆವ್ವವೇ ಸರಿ, ಯುದ್ಧವಿಮಾನಕ್ಕೆಂದು ಮಾಡಿದ ಎಂಜಿನ್, ಯುದ್ಧ ಮುಗಿದು ಹಾರದೆ ಉಳಿದದ್ದು, ಇಪ್ಪತ್ತೇಳು ಲೀಟರು, ಅದನ್ನು ಹಳೆಯ ಕಾರಿನ ಚೌಕಟ್ಟಿನ ಮೇಲೆ ಕಟ್ಟಿಕೊಂಡು ಓಡಿಸುವವನು ಚಕ್ರ ತಿರುಗಿಸುವ ಎರಡು ಸರಪಳಿಗಳ ನಡುವೆ ಕೂರಬೇಕು, ಮೊಣಕೈಯ ಪಕ್ಕದಲ್ಲೇ ಅವು ಹರಿಯುತ್ತವೆ, ಅದು ಮೊಳಗಿದರೆ ಕಡಲಕಾಗೆಗಳೆಲ್ಲ ಒಮ್ಮೆಗೇ ಏಳುತ್ತವೆ, ಅಂಗಾಲಿನಿಂದ ಹಲ್ಲಿನವರೆಗೆ ನಡುಕ, ಐಡ್ವಲನಿಗೆ ಅದು ಹಾಡುವ ಸಭೆಯ ನಡುವೆ ನಿಂತ ಹಾಗಿತ್ತು, ಆ ಸುಖವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ, ಹೊಸ ಚೈನು ಹಾಕಿದ್ಯಾ ಐಡ್ವಲ್, ಕ್ಯಾಪ್ಟನ್ ಕೇಳಿದ್ದರು, ಹಾಕಿದೀನಿ ಸಾರ್, ಎಷ್ಟು ಸಲೀಸಾಗಿ ಬಂತು, ದೇವರ ಒಂದು ಆಜ್ಞೆ ಕಾಯ್ದ ಬಾಯಿ ಇನ್ನೊಂದನ್ನು ಮುರಿಯಿತು, ಕ್ಯಾಪ್ಟನ್ ಕೈಗವಸು ತೆಗೆದು ತೋರುಬೆರಳಿನಿಂದ — ಎರಡನೆಯ ಓಟದಲ್ಲಿ ದೂರದಲ್ಲಿ ಚಾಟಿ ಬೀಸಿದಂಥ ಒಂದು ಸದ್ದು, ಅಷ್ಟೇ, ಕಾರು ಮಗ್ಗುಲಾಯಿತು, ಮರಳು ಎದ್ದಿತು, ಮರಳು ಕೂತಿತು.

ಬಾಗಿಲಲ್ಲಿ ಕಪ್ಪು ಉಡುಪು, ಕ್ಯಾಪ್ಟನ್ನರ ತಂಗಿ, ಒಳಗೆ ಬರಬಹುದಾ ಐಡ್ವಲ್, ಬನ್ನಿ ಅಮ್ಮಾ, ಅವಳು ಕೂರಲಿಲ್ಲ, ನಾಳೆ ವಿಚಾರಣೆಯಲ್ಲಿ ಎಲ್ಲರೂ ಅಣ್ಣನದೇ ತಪ್ಪು ಅಂತಾರಂತೆ, ಹುಚ್ಚು ಹತ್ತಿ ಮಿತಿಮೀರಿ ಓಡಿಸಿದ ಅಂತ, ಜೊತೆಯಲ್ಲಿ ಇದ್ದೋರು ನೀವು, ನಿಜ ಹೇಳಿ, ಹೌದು ಎಂದರೆ ಸಾಕು, ಅಷ್ಟು ಸುಲಭ, ಸತ್ತವರು ಎದುರಾಡುವುದಿಲ್ಲ, ಐಡ್ವಲ್ ಕೈಯೆತ್ತಿ ಮೂಲೆಯ ಪಾತ್ರೆ ತೋರಿಸಿದ, ಹೊಸ ಚೈನು ಅದರಲ್ಲೇ ಇದೆ ಅಮ್ಮಾ, ನಾನು ಹಾಕ್ಲೇ ಇಲ್ಲ, ಹಾಕಿದೀನಿ ಅಂತ ಸುಳ್ಳು ಹೇಳ್ದೆ, ನಾಳೆ ಅಲ್ಲೂ ಇದನ್ನೇ ಹೇಳ್ತೀನಿ, ಅವಳು ಆ ಬಿಳಿ ಕೊಬ್ಬನ್ನೇ ನೋಡಿದಳು, ಬಯ್ಯುತ್ತಾಳೆ ಎಂದು ಕಾದ, ಬಯ್ಯಲಿಲ್ಲ, ಅವನಿಗೆ ಗೊತ್ತಿತ್ತಾ ಎಂದಳು, ಅಷ್ಟೇ, ಗೊತ್ತಿತ್ತಾ — ಕ್ಯಾಪ್ಟನ್ ಕೈಗವಸು ತೆಗೆದರು, ಸರಪಳಿಯನ್ನು ತೋರುಬೆರಳಿನಿಂದ ಒತ್ತಿದರು, ಬೆರಳನ್ನು ಬೆಳಕಿಗೆ ಹಿಡಿದರು, ಹೊಸ ಚೈನಾಗಿದ್ದರೆ ಬೆಳ್ಳಗಿರಬೇಕಿತ್ತು, ಬೆರಳ ತುದಿ ಕಪ್ಪು, ಅದನ್ನು ನೋಡಿದರು, ಐಡ್ವಲನನ್ನು ನೋಡಿದರು, ಮತ್ತೆ ಕೈಗವಸು ಹಾಕಿಕೊಂಡು ಹತ್ತಿ ಕೂತರು — ಬೆರಳ ತುದಿ ಕಪ್ಪು, ಬೆಳಕಿಗೆ ಹಿಡಿದ ಬೆರಳು, ಕಪ್ಪು